ಕಿತ್ತಳೆ ಡೇರೆ ಮತ್ತು ಬೀರಮ್ಮನ ಗಳ

ನಾನು ಒಂದು ಡೇರೆ. ನನ್ನೊಳಗೆ ಇಬ್ಬರು ಆರಾಮಾಗಿ ಮಲಗಬಹುದು. ಮೂರನೆಯವರು ಬಂದರೆ ಅವರ ಕಾಲು ಹೊರಗೆ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ, ತಾಡಪತ್ರಿ ಹೊಲಿಯುವ ಅಂಗಡಿಯಲ್ಲಿ ನಾನು ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸು ದಿನವಿಡೀ ಪಕ್ಕದ ಅಂಗಡಿಯವನ ಜೊತೆ ಜಗಳ ಆಡುತ್ತಿದ್ದಳು. ಹೊಲಿಗೆ ಮಾತ್ರ ಒಂದೆಳೆಯೂ ಓರೆಯಾಗಲಿಲ್ಲ. ಕೊನೆಯಲ್ಲಿ ಕಿತ್ತಳೆ ಬಟ್ಟೆ ಸಾಲದೆ ನನ್ನ ಮಗ್ಗುಲಿಗೆ ಹಸಿರು ತೇಪೆ ಹಾಕಿದಳು. ಹೀಗೆ ನಾನು ಹುಟ್ಟುವಾಗಲೇ ತೇಪೆ ಹಚ್ಚಿಕೊಂಡವನು.

ಮೊದಲು ಗದಗಿನ ಸ್ಕೌಟ್ ಮಾಸ್ತರ ಶಿವಲಿಂಗಪ್ಪನವರ ಕೈ ಸೇರಿದೆ. ಅವರ ಜೊತೆ ಎಷ್ಟೋ ಶಾಲೆಗಳ ಬಯಲು ನೋಡಿದೆ. ಮಕ್ಕಳು ನನ್ನೊಳಗೆ ಕೂತು ಕದ್ದು ಪೇರಲಹಣ್ಣು ತಿನ್ನುತ್ತಿದ್ದರು. ಮಾಸ್ತರರಿಗೆ ವಯಸ್ಸಾದ ಮೇಲೆ ತಂಗಿಯ ಮಗಳು ನೀಲಾಂಬಿಕೆಯ ಮದುವೆಗೆ ನನ್ನನ್ನೇ ಉಡುಗೊರೆ ಕೊಟ್ಟರು.

ಬಿಚ್ಚಿ ನೋಡಿದ ಅವಳ ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯ ನಮ್ಮವ್ವಾ, ನಮಗ ಇರಾಕ ಮನಿ ಇಲ್ಲಂತ ತಿಳದಾನೇನು ನಿಮ್ಮ ಮಾವ?"

ಮದುವೆಮನೆಯೆಲ್ಲ ನಕ್ಕಿತು. ನೀಲಾ ನಗಲಿಲ್ಲ. ಸಡಿಲಾಗಿದ್ದ ನನ್ನ ಹಗ್ಗವನ್ನು ಮೆಲ್ಲಗೆ ಬಿಗಿದು ಟ್ರಂಕಿನ ಹಿಂದೆ ಒರಗಿಸಿದಳು. ಅವಳು ಹಾಗೆಯೇ. ಎಲ್ಲ ನೋಡುತ್ತಾಳೆ, ಬಾಯಿ ಬಿಡುವುದು ಕಡಿಮೆ.

ಅವಳ ಗಂಡ ಮಹಾಂತೇಶ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಮಾತುಗಾರ. ಇಬ್ಬರೂ ಸಮುದ್ರ ನೋಡಿರಲಿಲ್ಲ. ಒಂದು ಚಳಿಗಾಲದಲ್ಲಿ ನನ್ನನ್ನು ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟರು. ಕುಮಟಾ ದಾಟಿ, ಡಾಂಬರು ಮುಗಿದು, ಮಣ್ಣಿನ ದಾರಿಯೂ ಮುಗಿದಲ್ಲಿ ಕಪ್ಪು ಬಂಡೆಗಳ ಸಾಲು. ಅದರಾಚೆ ನೀರೇ ನೀರು. ನೀಲಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು.

ಮಹಾಂತೇಶ ನನ್ನನ್ನು ಬಿಚ್ಚಿದ. ನಿಲ್ಲುವ ಗಳ ಎರಡೂ ಇದ್ದವು, ಮೇಲೆ ಅಡ್ಡಕ್ಕೆ ಹಾಕುವ ಬೆನ್ನಿನ ಗಳ ಇರಲಿಲ್ಲ. ಅದು ಗದಗಿನಲ್ಲೇ ಉಳಿದಿತ್ತು. ಅತ್ತೆ ಅದರ ತುದಿಗೆ ಕಸಬರಿಗೆ ಕಟ್ಟಿ ಜೇಡರಬಲೆ ತೆಗೆಯುತ್ತಿದ್ದರು!

"ನಿಮ್ಮವ್ವ ನಮ್ಮನ್ನ ಬಯಲಾಗ ಮಲಗಿಸಿದ್ಲು ನೋಡ್ರಿ," ಎಂದು ನೀಲಾ ನಕ್ಕಳು.

ಅವನು ಸುತ್ತ ನೋಡಿದ. ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಆಳುದ್ದದ ಬಿದಿರು ಗಳ ನಿಂತಿತ್ತು. ತುದಿಯಲ್ಲಿ ಬಿಳಿ ಬಟ್ಟೆ ಹಾರುತ್ತಿತ್ತು.

"ಹೇಳಿ ಮಾಡಿಸಿದಂಗ ಐತಲ್ಲ!"

"ಬ್ಯಾಡ್ರೀ. ಬುಡಕ್ಕ ಕಲ್ಲ ಬಡದು ಗಟ್ಟಿ ಮಾಡ್ಯಾರ."

"ಸುಗ್ಗಿ ಮುಗದ ಮ್ಯಾಲ ಹೊಲದಾಗಿನ ಬೆದರುಗೊಂಬಿ ಗಳ ಯಾರ ಕೇಳ್ತಾರ? ಹಕ್ಕಿ ಓಡಸಾಕ ಹಚ್ಚಿರ್ತಾರ ಬಿಡು. ಹೋಗೂಮುಂದ ಅಲ್ಲೇ ಇಟ್ಟರಾತು."

ಅವರ ಕಪ್ಪು ಮಣ್ಣಿನ ಸೀಮೆಯಲ್ಲಿ ಅದು ಸರಿಯಾದ ಮಾತೇ. ಕೊಯ್ಲಾದ ಹೊಲದಲ್ಲಿ ಉಳಿದ ಗಳ ದಾರಿಹೋಕರ ಚಳಿ ಕಾಯಿಸಲಿಕ್ಕೂ ಆಗುತ್ತದೆ. ಅವನು ಗಳವನ್ನು ಅಲುಗಿಸಿ ಅಲುಗಿಸಿ ಕಿತ್ತ. ನೀಲಾ ತಡೆಯಲಿಲ್ಲ. ತುದಿಯ ಬಟ್ಟೆಯನ್ನು ಬಿಚ್ಚಿದವಳು ಅವಳೇ. ಅದರಲ್ಲಿ ಚಹಾದ ಪಾತ್ರೆ ಹಿಡಿದು ಒಲೆಯಿಂದ ಇಳಿಸುವಾಗ ಬಟ್ಟೆಯ ಅಂಚು ಸುಟ್ಟಿತು. ಗಳ ನನ್ನ ಬೆನ್ನಿನೊಳಗೆ ಅಳತೆಗೆ ಮಾಡಿಸಿದಂತೆ ಕೂತಿತು. ಅಷ್ಟು ನೆಟ್ಟಗೆ ನಾನು ಎಂದೂ ನಿಂತಿರಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ನೀರಿನ ಕಡೆಯಿಂದ ಕೂಗು ಕೇಳಿತು. "ಗಳ ಎಲ್ಲಿ? ಗಳ ಕಾಣ್ತಿಲ್ಲ!" ಆಮೇಲೆ ಮರ ಕಲ್ಲಿಗೆ ಬಡಿದ ಸದ್ದು. ಗಂಡ ಹೆಂಡತಿ ಓಡಿದರು. ದೋಣಿಯೊಂದು ಬಂಡೆಗಳ ನಡುವಿನ ದಾರಿ ತಪ್ಪಿ ಬಡಿದಿತ್ತು. ದೋಣಿಯಲ್ಲಿದ್ದ ದೇವು ಎಂಬವನ ಕಾಲು ಕಲ್ಲಿಗೂ ಮರಕ್ಕೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಮಹಾಂತೇಶ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಊರಿನವರೆಗೂ ಹೊತ್ತ.

ಬೆಳಿಗ್ಗೆ ದೇವುವಿನ ತಾಯಿ ಬೀರಮ್ಮ ಒಂದು ಕೊಡ ಸಿಹಿನೀರು, ಬಾಳೆಹಣ್ಣು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ಕೂತಳು.

"ನೀವಿಲ್ದಿದ್ರೆ ನನ್ನ ಮಗನ್ನ ಯಾರು ಹೊತ್ಕಂಡ್ ಬರ್ತಿದ್ರು ತಂಗೀ? ತಕಳಿ, ತಿನ್ನಿ."

ನೀಲಾಳ ಕೈ ಹಣ್ಣಿನ ಕಡೆ ಚಾಚಿತು, ಅರ್ಧಕ್ಕೇ ನಿಂತಿತು.

"ತಪ್ಪು ನಂದೇಯ," ಎಂದಳು ಬೀರಮ್ಮ. "ದೋಣಿಗೆ ದಾರಿ ತೋರ್ಸೂ ಗಳ ನಿಲ್ಸೂದು ನಮ್ಮನೆ ಹೆಂಗಸ್ರ ಕೆಲ್ಸ. ಸಮುದ್ರಕ್ಕೆ ಕಾಯಿ ಬಿಡೂ ನಾರಳ ಹುಣ್ಣಿಮೆ ಕಳ್ದ ಮೇಲೆ ನಿಲ್ಸೂದು, ಮಳೆ ಬರೂ ಮುಂಚೆ ತೆಗ್ಯೂದು. ಅತ್ತೆ ಕಲಿಸಿದ್ರು, ಚಪ್ಪಟೆ ಕಲ್ಲೇ ಹಾಕ್ಬೇಕು ಅಂತ. ಈ ಸಲ ದುಂಡ್ ಕಲ್ಲು ಹಾಕಿದ್ನೋ ಏನೋ. ಕೈಯಲ್ಲಿ ಬಲ ಇಲ್ಲ, ಕಣ್ಣೂ ಸಮಾ ಇಲ್ಲ. ಗಾಳಿ ಹೊತ್ಕಂಡ್ ಹೋಯ್ತು."

ಹೇಳುತ್ತ ಹೇಳುತ್ತ ಏಳಲು ನನ್ನ ಬೆನ್ನಿಗೆ ಕೈ ಊರಿದಳು. ಅವಳ ಅಂಗೈಗೂ ಅವಳ ಗಳಕ್ಕೂ ನಡುವೆ ಇದ್ದದ್ದು ನನ್ನ ಬಟ್ಟೆ ಮಾತ್ರ. ನೀಲಾ ಆ ಕೈಯನ್ನೇ ನೋಡುತ್ತಿದ್ದಳು. ಅವಳ ತುಟಿ ತೆರೆಯಿತು. ಮಹಾಂತೇಶ ಕೆಮ್ಮಿದ. ತುಟಿ ಮುಚ್ಚಿತು.

ಬೀರಮ್ಮ ಹೋದ ಮೇಲೆ ನೀಲಾ ಅಂದಳು, "ಹೇಳಿಬಿಡೂಣ್ರೀ."

"ಹೇಳಿದರ ಆತನ ಕಾಲು ನೆಟ್ಟಗಾಗತೈತೇನು? ಊರ ಮಂದಿ ನಮ್ಮನ್ನ ಬಿಡ್ತಾರೇನು?" ಅವನು ಗಳವನ್ನು ನನ್ನಿಂದ ಎಳೆದು, ಗಾಳಿಗೆ ಬಿದ್ದಂತೆ ಕಾಣಲೆಂದು ಬಂಡೆಗಳ ಸಂದಿಯಲ್ಲಿ ಹಾಕಿ ಬಂದ. ನಾನು ಮುದುಡಿ ನೆಲಕ್ಕೆ ಬಿದ್ದೆ. ನೀಲಾ ಸುಟ್ಟ ಬಟ್ಟೆಯನ್ನು ನನ್ನ ಮಡಿಕೆಯೊಳಗೆ ತುರುಕಿದಳು. ಬಾಳೆಹಣ್ಣನ್ನು ಅಲ್ಲಿ ಬಿಟ್ಟು ಬರಲೂ ಆಗದೆ, ತಿನ್ನಲೂ ಆಗದೆ ಗದಗಿನವರೆಗೆ ತಂದಳು. ಮನೆ ತಲುಪುವಾಗ ಅದು ಕಪ್ಪಾಗಿತ್ತು.

ಆಮೇಲೆ ನಾನು ಅಟ್ಟ ಸೇರಿದೆ. ಇಲಿಗಳು ನನ್ನ ಒಂದು ಮೂಲೆ ತಿಂದವು. ಒಂದೆರಡು ಸಲ ಮೆಣಸಿನಕಾಯಿ ಒಣಗಿಸಲು ನನ್ನನ್ನು ಹಾಸಿದರು. ನೀಲಾ ಮಾತ್ರ ನನ್ನನ್ನು ಮುಟ್ಟುತ್ತಿರಲಿಲ್ಲ. ಅತ್ತೆ ಕಸಬರಿಗೆ ಕಟ್ಟಿದ ಗಳ ಎತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಒಂದು ದಿನ ಮಹಾಂತೇಶನೇ ಊಟದ ತಟ್ಟೆ ಸರಿಸಿ, "ಆ ಮುದುಕಿ ನೀರ ತಂದು ಕೊಟ್ಟದ್ದು ಕಣ್ಣಾಗಿಂದ ಹೋಗವಲ್ದು ನೀಲಾ," ಎಂದ. ಅವಳು ಕೈ ತೊಳೆದುಕೊಂಡು ಬಂದು, ಏಣಿ ಹಾಕಿ ನನ್ನನ್ನು ಇಳಿಸಿದಳು.

ನಾರಳ ಹುಣ್ಣಿಮೆ ಕಳೆದ ಮರುದಿನ ನಾವು ಮತ್ತೆ ಆ ಬಂಡೆಗಳ ಹತ್ತಿರ ಇದ್ದೆವು. ದೇವು ಕುಂಟುತ್ತ ಗಳ ನಿಲ್ಲಿಸುತ್ತಿದ್ದ. ಬೀರಮ್ಮ ದೂರದಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ತಪ್ಪು ಅವಳದೇ ಎಂದು ನಂಬಿ, ದೋಣಿ ಬಡಿದಂದಿನಿಂದ ಮಗ ಅವಳಿಗೆ ಕಲ್ಲು ಮುಟ್ಟಲು ಕೊಟ್ಟಿರಲಿಲ್ಲ.

ನೀಲಾ ನನ್ನ ಮಡಿಕೆಯಿಂದ ಸುಟ್ಟ ಬಟ್ಟೆ ತೆಗೆದು ಅವಳ ಮುಂದೆ ಹಿಡಿದಳು. ಬೀರಮ್ಮ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ನಮ್ಮ ಯಜಮಾನ್ರ ಪಂಚೆ ತುಂಡಲ್ವಾ?"

"ಗಾಳಿ ಒಯ್ಯಲಿಲ್ರೀ ಅಮ್ಮಾ. ನಾವು ಕಿತ್ತಿವಿ. ಡೇರೇಕ ಹಾಕಿದ್ವಿ. ನೀವು ಬಂದು ಕುಂತಾಗ ಇದರೊಳಗ ಇತ್ತು."

ಬೀರಮ್ಮ ಆ ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮಗನ ಕಡೆ ಕೈ ತೋರಿಸಿದಳು. "ನನ್ಗೆ ಯಂತಕ್ಕೆ ಹೇಳ್ತೆ? ಅವನ್ಗೆ ಹೇಳು. ದೊಡ್ಡ ದನಿಯಲ್ಲಿ ಹೇಳು."

ನೀಲಾ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಆವತ್ತೇ ಕೇಳಿದ್ದು. ಮಹಾಂತೇಶ ತಲೆ ತಗ್ಗಿಸಿ ಪಕ್ಕದಲ್ಲಿ ನಿಂತ. ದೇವು ಅವರಿಬ್ಬರನ್ನು ನೋಡಲಿಲ್ಲ. ತನ್ನ ಕಾಲು ನೋಡಿಕೊಂಡ, ತಾಯಿಯನ್ನು ನೋಡಿದ. ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ಬಂಡೆಯಿಂದ ಇಳಿದ.

"ಅವ್ವೇ," ಎಂದ, "ನೀನೇ ಬಾ."

ಬೀರಮ್ಮ ಬಂಡೆ ಹತ್ತಿದಳು. ಗಳದ ತುದಿಗೆ ಕಟ್ಟಲು ಬಟ್ಟೆ ಬೇಕಿತ್ತು. ನೀಲಾ ನನ್ನ ಬಾಗಿಲನ್ನು ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟಳು. ಬೀರಮ್ಮ ಅದನ್ನು ಕಟ್ಟಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕೈ ಮಾತ್ರ ಚಾಚಿದಳು.

"ಕಲ್ಲು ಕೊಡು ತಂಗೀ. ದುಂಡಂದು ಬೇಡ."

ನೀಲಾ ಕೆಳಗೆ ನಿಂತು ಒಂದೊಂದೇ ಚಪ್ಪಟೆ ಕಲ್ಲು ಹುಡುಕಿ ಕೊಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು.

ನೀಲಾ ನನ್ನನ್ನು ಅಲ್ಲೇ ಬಿಟ್ಟುಹೋದಳು. ಈಗ ನನ್ನ ಮೈ ದೇವುವಿನ ದೋಣಿಯ ಹೊದಿಕೆ. ಉಪ್ಪಿಗೆ ಹೊಲಿಗೆ ಬಿಡುತ್ತಿದೆ, ಇನ್ನೆಷ್ಟು ಮಳೆ ತಡೆಯುತ್ತೇನೋ ಗೊತ್ತಿಲ್ಲ. ನನ್ನ ಬಾಗಿಲು ಮಾತ್ರ ಬಂಡೆಯ ಮೇಲಿದೆ. ಒಮ್ಮೆ ಆ ಗಳವನ್ನು ನಾನು ಮುಚ್ಚಿಟ್ಟಿದ್ದೆ. ಈಗ ಸಂಜೆ ದೋಣಿಗಳು ತಿರುಗುವಾಗ, ಅದು ಎಲ್ಲಿದೆ ಎಂದು ತೋರಿಸುವುದೇ ನನ್ನ ಕೆಲಸ.