ಆ ಏಟು ನಂದು

"ಲೇ, ಇವನಿಗೆ ಇನ್ನೊಂದು ಹಿಡಿ ಹಾಕ್ರೋ. ಮುಖ ಕಾಣ್ತಾ ಇದೆ."

ಜೈಲಿನ ಜಮಾದಾರ ಹೀಗಂದದ್ದೇ ತಡ, ಪೇದೆಯೊಬ್ಬ ಚೀಲಕ್ಕೆ ಕೈ ಹಾಕಿ ಹಿಟ್ಟು ತೆಗೆದು ಕಂಬನ ಮೂತಿಗೆ ರಪ್ಪನೆ ಎರಚಿದ. ಹುಬ್ಬು, ಮೀಸೆ, ಕಿವಿ ಎಲ್ಲ ಬೆಳ್ಳಗಾದವು. ಕಂಬ ಅಲ್ಲಾಡಲಿಲ್ಲ. ಏನಂದರೂ ಅಲ್ಲಾಡದೆ, ಮಾತಾಡದೆ ನಿಲ್ಲುತ್ತಾನೆ ಅಂತಲೇ ಅವನಿಗೆ ಆ ಹೆಸರು.

ಜೈಲಿನ ಅಂಗಳದ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತವರೆಲ್ಲ ಒಂದೇ ಹಿಟ್ಟಿನ ಗಿರಣಿಯ ಹಮಾಲರು. ಅದರ ಧಣಿಗೆ ಹೊಡೆದ ಕೇಸು ಒಬ್ಬನ ಮೇಲೆ ಮಾತ್ರ. ಉಳಿದವರು ಸಾಲು ತುಂಬಲು ಕೆಲಸ ಬಿಡಿಸಿ ಕರೆತಂದವರು. ಆರೋಪಿಯೊಬ್ಬನನ್ನೇ ನಿಲ್ಲಿಸಿ 'ಇವನೇನಾ' ಅಂತ ಕೇಳುವ ಹಾಗಿಲ್ಲವಂತೆ, ಅವನಂಥವರೇ ನಾಲ್ಕು ಮಂದಿಯ ನಡುವೆ ನಿಲ್ಲಿಸಿ ಗುರುತು ಹಿಡಿಸಬೇಕಂತೆ. ಕಾನೂನು. ಮೊದಲು ಎಲ್ಲರಿಗೂ ಮುಖ ತೊಳೆಸಿಯೇ ನಿಲ್ಲಿಸಿದ್ದರು. ಗಿರಣಿಯ ಧಣಿ ಆ ತುದಿಯಿಂದ ಈ ತುದಿಗೆ ಓಡಾಡಿ, ತಲೆ ಕೊಡವಿ, "ಬರೀ ಮುಖದಲ್ಲಿ ನಿಲ್ಸಿದ್ರೆ ನಂಗೇನ್ರೀ ಗೊತ್ತಾಗುತ್ತೆ? ಈ ನನ್ಮಕ್ಕಳನ್ನ ನಾನು ನೋಡಿರೋದೇ ಹಿಟ್ಟಲ್ಲಿ" ಅಂದಿದ್ದ. ಮುಂದಿನ ಹಲ್ಲು ಮುರಿದಿದ್ದರಿಂದ ಮಾತಿನ ಜೊತೆ ಗಾಳಿಯೂ ಬರುತ್ತಿತ್ತು. ಮ್ಯಾಜಿಸ್ಟ್ರೇಟರು ಸ್ವಲ್ಪ ಯೋಚಿಸಿ, "ಹಾಕೋದಾದ್ರೆ ಎಲ್ಲರಿಗೂ ಸಮವಾಗಿ ಹಾಕಿ" ಅಂದರು. ಗಿರಣಿಯಿಂದಲೇ ಚೀಲ ಬಂತು.

ಧಣಿ ಮತ್ತೆ ಸಾಲಿನ ಮುಂದೆ ನಡೆದ. ಕಂಬನೆದುರು ಬಂದು ನಿಂತ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

ಮುಗೀತು, ಅಂದುಕೊಂಡ ಕಂಬ. ಯಾಕೆಂದರೆ ಹೊಡೆದವನು ಅವನೇ. ಗಿರಣಿ ಗುಡಿಸುವ ಅಜ್ಜಿ ನೆಲಕ್ಕೆ ಚೆಲ್ಲಿದ ಒಂದು ಹಿಡಿ ಹಿಟ್ಟನ್ನು ಮಡಿಲಿಗೆ ಕಟ್ಟಿಕೊಂಡಿದ್ದಳು. ಧಣಿ ಅವಳನ್ನು ಮಂಡಿಯೂರಿಸಿ, ದವಡೆ ಹಿಡಿದು ಬಾಯಿ ತೆರೆಸಿ, "ತಿನ್ನೇ ಕಳ್ಳಮುಂಡೆ, ಹಸಿವಲ್ವಾ, ತಿನ್ನು" ಅಂತ ಒಣಹಿಟ್ಟನ್ನು ತುರುಕುತ್ತಿದ್ದ. ಅಜ್ಜಿಯ ಕಣ್ಣು ಮೇಲಾಗುತ್ತಿತ್ತು. ಕಂಬನ ಕೈಯಲ್ಲಿ ಹಿಟ್ಟು ತೋಡುವ ಮರದ ಸಲಿಕೆಯಿತ್ತು. ಹಿಂದಿನಿಂದ ಹೊಡೆಯಲಿಲ್ಲ ಅವನು. ಎದುರಿಗೆ ಬಂದು ನಿಂತು, ಧಣಿ ತಲೆ ಎತ್ತುವವರೆಗೆ ಕಾದು, ಬೀಸಿದ. ಸಲಿಕೆಯ ಹಿಟ್ಟೆಲ್ಲ ಮೇಲಕ್ಕೆದ್ದು ಮಂಜು ಕವಿದಂತಾಯಿತು. ಜನ ಓಡಿಬರುವಷ್ಟರಲ್ಲಿ ಕಂಬ ಚೀಲಗಳ ನಡುವೆ ಚೀಲವಾಗಿದ್ದ.

ಈಗ ಅದೇ ಕಣ್ಣು, ಅಷ್ಟೇ ಹತ್ತಿರ. ಧಣಿ ಎಣಿಸಿ ಮುಗಿಸಿದ ಮೂಟೆ ದಾಟಿದಂತೆ ಅವನನ್ನು ದಾಟಿಹೋಗಿ, ಪಕ್ಕದವನ ಹೆಗಲ ಮೇಲೆ ಕೈಯಿಟ್ಟ. "ಇವನೇ ಬೋಳಿಮಗ."

ಪಕ್ಕದವನು ಕಂಬನ ಷಡ್ಕ, ಅವನ ಹೆಂಡತಿಯ ಅಕ್ಕನ ಗಂಡ. ಬಾಯಿ ಮುಚ್ಚದವನಾದ್ದರಿಂದ ರೇಡಿಯೋ ಅಂತ ಕರೆಯುತ್ತಿದ್ದರು. ಆ ಬಾಯಿಯ ದೆಸೆಯಿಂದಲೇ ಗಿರಣಿಯ ಮೇಸ್ತ್ರಿ ಪೊಲೀಸರಿಗೆ ಅವನ ಹೆಸರು ಹೇಳಿದ್ದು, ಕೇಸು ಅವನ ಮೇಲೆ ಬಿದ್ದದ್ದು. ಎಷ್ಟು ಹಿಟ್ಟು ಬಳಿದರೂ ಅವನ ಸೊಟ್ಟ ಮೂಗು ಮಾತ್ರ ಸೊಟ್ಟಗೇ ಕಾಣುತ್ತಿತ್ತು.

'ಬದುಕಿದೆ' ಅಂತ ಕಂಬ ಅಂದುಕೊಂಡದ್ದು ಜೈಲಿನ ಗೇಟಿನವರೆಗೆ ಮಾತ್ರ. ಬೀದಿಗೆ ಬಂದವನು ತಿರುಗಿ ನೋಡಿದ. ಅಷ್ಟು ಹತ್ತಿರದಿಂದ ಹೊಡೆದರೂ ನಾನು ಅವನ ಕಣ್ಣಿಗೆ ಬೀಳಲಿಲ್ಲವೇ?

ರೇಡಿಯೋ ಜಾಮೀನಿನ ಮೇಲೆ ಬಂದ ದಿನ ಓಣಿಯೆಲ್ಲ ಅವನ ಬಾಗಿಲಲ್ಲಿತ್ತು. ಕ್ಷೌರದವನು ದುಡ್ಡು ಬೇಡ ಅಂತ ಕುರ್ಚಿಯಲ್ಲಿ ಕೂರಿಸಿ ಗಡ್ಡ ಕೆರೆದ.

"ಹೇಳೋ, ಹೊಡೆದಾಗ ಹೆಂಗಾಯ್ತು?"

"ನಾನು ಹೊಡ್ದೇ ಇಲ್ವಲ್ಲಪ್ಪ, ಕೋರ್ಟಲ್ಲಿ ಕೇಸಿದೆ" ಅಂದು ರೇಡಿಯೋ ಕಣ್ಣು ಹೊಡೆದ. "ಹೊಡೆದವನು ಯಾರೋ, ಅವನ ಕೈಗೆ ಮಾತ್ರ ಒಳ್ಳೆ ಜೋರಿತ್ತು."

ಎಲ್ಲರೂ ನಕ್ಕರು. ಕಂಬನಿಗೆ ಮಾತ್ರ ಗೊತ್ತಿತ್ತು: ಆ ಹೊತ್ತಿನಲ್ಲಿ ಈ ಮಹಾನುಭಾವ ಹೊಟ್ಟೆ ಕೆಟ್ಟು ಕಕ್ಕಸಿನಲ್ಲಿ ಕೂತಿದ್ದ.

ಅದೂ ಹೋಗಲಿ. ಅಜ್ಜಿ ಬಂದಳು. ಅವಳ ಕೆಮ್ಮು ಇನ್ನೂ ನಿಂತಿರಲಿಲ್ಲ. ಅವತ್ತು ಕಣ್ಣಿಗೆಲ್ಲ ಹಿಟ್ಟು ತುಂಬಿದ್ದವಳಿಗೆ ಏನು ಕಂಡೀತು? ರೇಡಿಯೋನ ಎರಡೂ ಕೆನ್ನೆ ಸವರಿ, "ನನ್ನ ಹೊಟ್ಟೇಲಿ ಹುಟ್ಟಬೇಕಿತ್ತಪ್ಪ ನೀನು" ಅಂತ ಅತ್ತಳು. ರೇಡಿಯೋ ಕೂಡ ಕಣ್ಣೊರೆಸಿಕೊಂಡ. ತಾನೇ ಹೊಡೆದೆ ಅಂತ ನಂಬಿಬಿಟ್ಟಿದ್ದಾನೆ ನನ್ಮಗ, ಅಂದುಕೊಂಡ ಕಂಬ. ತನ್ನ ಕೈಯನ್ನೇ ಯಾರೋ ಕಡಿದುಕೊಂಡು ಹೋಗಿ ತಮ್ಮ ಮೈಗೆ ಅಂಟಿಸಿಕೊಂಡಂತಾಯಿತು.

ಮನೆಯಲ್ಲಿ ಹೆಂಡತಿ ಅಂಗಿಯ ಹಿಟ್ಟು ಕೊಡವುತ್ತ ಅಂದಳು: "ನಮ್ಮಕ್ಕ ಪುಣ್ಯವಂತೆ. ಭಾವ ಏನೇ ಬಡಾಯಿ ಕೊಚ್ಲಿ, ಗಂಡಸು."

"ಅವನು ಹೊಡ್ದಿಲ್ಲ ಕಣೆ."

"ಮತ್ತಿನ್ಯಾರು, ನೀವಾ?"

ಕಂಬ ಹೌದು ಅನ್ನಲು ಬಾಯಿ ತೆರೆದ. ಅವಳು ಆಗಲೇ ನಗುತ್ತಿದ್ದಳು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುತ್ತಾರಲ್ಲ, ಅಂಥದ್ದು.

ಕೇಸು ನಡೆಸುವ ವಕೀಲಮ್ಮ ಒಂದು ಸಂಜೆ ರೇಡಿಯೋನ ಮನೆಗೆ ಬಂದರು. ಕಂಬ ಹೊಸಿಲ ಮೇಲೆ ಕೂತು ಕೇಳಿಸಿಕೊಂಡ.

"ಸಾಲಲ್ಲಿ ನಿಲ್ಸೋಕೆ ಮುಂಚೆ ಧಣಿ ನಿಮ್ಮನ್ನ ಸ್ಟೇಷನ್ನಲ್ಲಿ ನೋಡಿದ್ರಾ?"

"ನೋಡೋದೇನಮ್ಮ, ನನ್ನ ನೆಲದ ಮೇಲೆ ಕುಕ್ಕರಿಸಿ, ಅವನು ಎದುರಿಗೇ ಕುರ್ಚಿ ಮೇಲೆ ಕೂತು ಟೀ ಕುಡ್ದ."

"ಹಂಗಾದ್ರೆ ಆ ಗುರುತಿಗೆ ಬೆಲೆ ಇಲ್ಲ. ಅವರು ಗುರುತು ಹಿಡಿದದ್ದು ಗಿರಣೀಲಿ ಕಂಡವನನ್ನಲ್ಲ, ಸ್ಟೇಷನ್ನಲ್ಲಿ ಕಂಡವನನ್ನ. ಜಡ್ಜು ಒಪ್ಪಿದ್ರೆ ನಿಮ್ಮ ಬಿಡುಗಡೆ. ಒಪ್ಪದಿದ್ರೆ ವರ್ಷಗಟ್ಲೆ ಜೈಲು."

ರೇಡಿಯೋ ತಲೆ ಕೆರೆದುಕೊಂಡ. "ಬಿಡುಗಡೆ ಆದ್ರೆ, ನಾನು ಹೊಡ್ದಿಲ್ಲ ಅಂತ ಆಗುತ್ತಾ?"

"ನೀವು ಹೊಡೆದದ್ದು ಸಾಬೀತಾಗಲಿಲ್ಲ ಅಂತ ಆಗುತ್ತೆ."

"ಹಾಂ, ಅದೇ ಇರ್ಲಿ."

ಕಂಬ ಹೊಸಿಲಿನಿಂದ ಎದ್ದು ಬೀದಿಗಿಳಿದ. ಇವನು ಬಿಡುಗಡೆಯಾದರೆ ಓಣಿಯ ತುಂಬ ಸಾಯುವತನಕ ಮೆರೆಯುತ್ತಾನೆ. ಜೈಲಿಗೆ ಹೋದರೆ ಅಜ್ಜಿಯ ಬಾಯಲ್ಲಿ ದೇವರೇ ಆಗುತ್ತಾನೆ, ಅವನ ಮಕ್ಕಳು ಉಪವಾಸ ಬೀಳುತ್ತಾರೆ. ಹೇಗೆ ನೋಡಿದರೂ ಏಟು ಅವನದೇ. ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಕೆಲಸ, ಅದಕ್ಕೂ ಬೇರೆಯವನ ಹೆಸರು.

ವಿಚಾರಣೆಯ ದಿನ ಕಂಬ ಗಿರಣಿಗೆ ಹೋಗಿ ರಜೆ ಹೇಳಿ, ಬರುವಾಗ ಮೇಸ್ತ್ರಿಯ ಕಣ್ಣೆದುರೇ ಒಂದು ಹಿಡಿ ಹಿಟ್ಟು ತೆಗೆದು ಜೇಬಿಗೆ ಹಾಕಿಕೊಂಡ. ಮೇಸ್ತ್ರಿ ಬೀಡಿ ಹಚ್ಚುತ್ತಿದ್ದ. ಕಂಬನಂಥವನು ಕದಿಯುತ್ತಾನೆಂದು ಅವನಿಗೆ ಹೊಳೆಯಲೂ ಇಲ್ಲ. ಹೆಂಡತಿ, "ಕೋರ್ಟಿಗೆ ಹೋಗೋದು, ನೆಟ್ಟಗೆ ಮುಖ ತೊಳ್ಕೊಳ್ಳಿ" ಅಂದಳು. ತೊಳೆದುಕೊಂಡ.

ಕೋರ್ಟಿನಲ್ಲಿ ರೇಡಿಯೋ ಕಟಕಟೆಯೊಳಗೆ ಎದೆ ಸೆಟೆಸಿ ನಿಂತಿದ್ದ. ಎದುರಿನ ಸಾಕ್ಷಿ ಕಟ್ಟೆಯಲ್ಲಿ ಧಣಿ, ಹೊಸ ಹಲ್ಲು ಕಟ್ಟಿಸಿಕೊಂಡು.

"ನಿಮ್ಮ ಗಿರಣಿಯ ಹಮಾಲರಲ್ಲಿ ಒಬ್ಬರ ಹೆಸರು ಹೇಳಿ" ಅಂದರು ವಕೀಲಮ್ಮ.

"ಹೆಸರು ಕಟ್ಕೊಂಡು ನಂಗೇನು? ಮೂಟೆ ಹೊತ್ರಾಯ್ತು."

"ಹೆಸರು ಗೊತ್ತಿಲ್ಲ, ತೊಳೆದ ಮುಖ ಗೊತ್ತಿಲ್ಲ. ಹೊಡೆದವನು ಹೆಂಗೆ ಗೊತ್ತಾದ?"

ಧಣಿಗೆ ಸಿಟ್ಟು ಬಂತು. "ಎದುರಿಗೇ ನಿಂತು ಹೊಡ್ದ ಕಣಮ್ಮ. ಆ ಮುಖಾನ ಸತ್ರೂ ಮರೆಯಲ್ಲ ನಾನು."

ಜನರ ನಡುವಿನಿಂದ ಕಂಬ ಎದ್ದು ನಿಂತ. "ಮರೆಯಲ್ವಾ? ನೋಡಿ ಹಂಗಾದ್ರೆ. ಹೊಡೆದದ್ದು ನಾನು."

"ಯಾರಯ್ಯ ನೀನು? ಕೂತ್ಕೋ" ಅಂದರು ಜಡ್ಜು.

ಧಣಿ ಕತ್ತು ತಿರುಗಿಸಿ ನೋಡಿ, ಕೈ ಬೀಸಿದ. "ಇವನ್ಯಾವನೋ. ಇವನನ್ನ ನಾನು ನೋಡೇ ಇಲ್ಲ. ದುಡ್ಡು ಕೊಟ್ಟು ಕರ್ಕೊಂಡು ಬಂದಿದಾರೆ."

ಹಿಂದೆ ಯಾರೋ ಕಿಸಕ್ಕೆಂದರು. "ಕೂತ್ಕೊಳ್ಳಿ ಅಂದ್ರೆ" ಅಂತ ಪಕ್ಕದಲ್ಲಿ ಕೂತಿದ್ದ ಹೆಂಡತಿ ಅಂಗಿ ಹಿಡಿದೆಳೆದಳು. ಪೇದೆ ಬರುತ್ತಿದ್ದ. ಕಂಬ ಜೇಬಿನಿಂದ ಹಿಟ್ಟು ತೆಗೆದು, ಅವಸರವಿಲ್ಲದೆ, ಹಣೆಗೆ, ಕೆನ್ನೆಗೆ, ಮೀಸೆಗೆ ಬಳಿದುಕೊಂಡ. ಎರಡು ಹೆಜ್ಜೆ ಮುಂದೆ ಬಂದ. ಕೈಯಲ್ಲಿ ಏನೂ ಇಲ್ಲದಿದ್ದರೂ ಎರಡೂ ತೋಳು ಬಲಕ್ಕೆ ಎತ್ತಿ, ಧಣಿ ಕಣ್ಣೆತ್ತಿ ನೋಡುವವರೆಗೆ ಅವತ್ತಿನಂತೆಯೇ ಕಾದ.

ಧಣಿ ನೋಡಿದ. ಅವನ ಅಂಗೈ ತಾನಾಗಿ ಹಾರಿಬಂದು ಬಾಯಿ ಮುಚ್ಚಿತು.

ಹಿಂದಿನ ಬೆಂಚಿನಲ್ಲಿ ಅಜ್ಜಿಯ ಕೆಮ್ಮು ಮಾತ್ರ ಕೇಳಿಸುತ್ತಿತ್ತು.

"ಸ್ವಾಮಿ, ಸಾಕ್ಷಿ ಬಾಯಿ ಮುಚ್ಕೊಂಡದ್ದನ್ನ ಬರೆಸ್ಕೋಬೇಕು" ಅಂದರು ವಕೀಲಮ್ಮ.

ರೇಡಿಯೋ ಕಟಕಟೆಯಿಂದ ಬಾಗಿ ಅವರ ಕರಿಕೋಟು ಜಗ್ಗಿದ. "ಬರೆಸ್ಬೇಡೀಮ್ಮ." ಅವನ ಕಣ್ಣು ಕಂಬನ ಎತ್ತಿದ ತೋಳುಗಳ ಮೇಲಿತ್ತು. ಆ ನೋಟ ಕಂಬನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಏಟನ್ನು ಬೇರೆಯವನಿಗೆ ಕಳಕೊಂಡವನ ನೋಟ, ಇಷ್ಟು ದಿನ ಅದು ತನ್ನದೇ ಆಗಿತ್ತು.

"ಇವನೇನಾ?" ಅಂದರು ಜಡ್ಜು.

ಧಣಿ ತಲೆ ಅಡ್ಡಡ್ಡ ಆಡಿಸಿದ. "ಅಲ್ಲ." ಮಾತು ಬೆರಳ ಸಂದಿಯಿಂದ ಬಂತು.

ಪೇದೆಗಳು ಆ ಕಡೆ ಈ ಕಡೆ ರಟ್ಟೆ ಹಿಡಿದಿದ್ದರು. ಕಂಬ ಅಲ್ಲಾಡಲಿಲ್ಲ.

"ಕೈ ತೆಗೆದು ಹೇಳಿ ಧಣಿ" ಅಂದ.

ಧಣಿ ಕೈ ತೆಗೆಯಲಿಲ್ಲ.