ಹಾಡಿನವರಿಗೆ ತೆರೆಯದ ಬಾಗಿಲು

ಅಮೆರಿಕದ ಮಿಸೂರಿಯ ಆ ಗುಡ್ಡಗಾಡು ಕೌಂಟಿಗೆ ಜನ ಬರುವುದು ಎರಡಕ್ಕೇ. ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿ ಹಿಂದೆ ಫ್ರೆಂಚರು ಕಟ್ಟಿದ ಮನೆಗಳನ್ನು ನೋಡಬೇಕು, ಬಂಡೆಯ ಬುಡದ ಚಿಲುಮೆಯ ಫೋಟೋ ಹೊಡೆಯಬೇಕು. ಫ್ರಾನ್ಸಿನಿಂದ ಪ್ರವಾಸದ ಬಸ್ಸಲ್ಲಿ ಬಂದ ಮಾರ್ತ್ ಕೂಡ ಚಿಲುಮೆ ಎಲ್ಲಿ ಅಂತಲೇ ಕೇಳಿದಳು. ಕೇಳಿಸಿಕೊಂಡ ಊರಿನ ಓಡಿಲ್ ಚಿಲುಮೆ ತೋರಿಸಲಿಲ್ಲ. ಆಕೆಯ ಕೈ ಹಿಡಿದು ಸೀದಾ ಅಪ್ಪನ ಮಂಚದ ಬಳಿಗೆ ಎಳೆದುಕೊಂಡು ಹೋದಳು.

"ಅಪ್ಪ ಏನಂತಾರೆ ಸ್ವಲ್ಪ ಕೇಳಿ ಹೇಳ್ರೀ, ದಮ್ಮಯ್ಯ! ಲಕ್ವ ಹೊಡೆದ್ಮೇಲೆ ಇಂಗ್ಲಿಷ್ ಪೂರ್ತಿ ಮರ್ತುಹೋಗಿದೆ. ಬಾಯಿ ಬಿಟ್ರೆ ಹಳೇ ಫ್ರೆಂಚು. ನಂಗೆ ಒಂದಕ್ಷರ ಬರಲ್ಲ."

ಬರುವುದಾದರೂ ಹೇಗೆ? ಶಾಲೆಯಲ್ಲಿ ಫ್ರೆಂಚ್ ಆಡಿದ್ದಕ್ಕೆ ಮಂಡಿಯೂರುವ ಶಿಕ್ಷೆ ಅನುಭವಿಸಿದ್ದ ಅಪ್ಪ ಥಿಯೊಫೀಲ್, ಮಗಳಿಗೆ ಆ ಗತಿ ಬೇಡವೆಂದು ಅವಳೆದುರು ಆ ಭಾಷೆಯ ಒಂದು ಮಾತೂ ಆಡಿದವನಲ್ಲ. ಅವಳಿಗೆ ಬರುತ್ತಿದ್ದದ್ದು ಹೊಸ ವರ್ಷದ ಹಿಂದಿನ ಸಂಜೆ ಗುಂಪು ಕಟ್ಟಿಕೊಂಡು ಮನೆಮನೆ ಬಾಗಿಲಲ್ಲಿ ಹಾಡುವ ಹಾಡೊಂದೇ. ಊರಿಗೆ ಊರೇ ಅದನ್ನು ಗಿಳಿಪಾಠ ಮಾಡಿಕೊಂಡಿತ್ತು, ಅರ್ಥ ಯಾರಿಗೆ ಬೇಕಿತ್ತು! ಅಪ್ಪ ಚಡಪಡಿಸಿದಾಗಲೆಲ್ಲ ಓಡಿಲ್ ಅದನ್ನೇ ಹಾಡುತ್ತಿದ್ದಳು. ಹಾಡಿದಷ್ಟೂ ಮುದುಕ ಕಿರುಚುತ್ತಿದ್ದ.

ಅವತ್ತೂ ಹಾಡಿದಳು. ಅವತ್ತೂ ಕಿರುಚಿದ.

ಮಾರ್ತ್ ಬಗ್ಗಿ ಕಿವಿಗೊಟ್ಟಳು. ಅವಳ ಮುಖ ಸಪ್ಪಗಾಯಿತು.

"ಅರ್ಧಂಬರ್ಧ ತಿಳಿಯುತ್ತೆ ಕಣಮ್ಮಾ. ಹಾಡೋರು ಬಂದು ಚಳೀಲಿ ನಿಂತಿದಾರಂತೆ. ಬಾಗಿಲು ತೆಗಿ, ತಿನ್ನೋಕೆ ಏನಾದ್ರೂ ಕೊಡು ಅಂತಾರೆ ನಿಮ್ಮಪ್ಪ. ಬಂದವರನ್ನ ಹೊರಗೇ ನಿಲ್ಲಿಸಿ ನನ್ನ ಮಾನ ಕಳೀತೀಯಲ್ಲೇ ಅಂತ ಬೈತಿದಾರೆ."

"ಅಯ್ಯೋ ದೇವರೇ! ಸಮಾಧಾನ ಮಾಡ್ತೀನಿ ಅಂದ್ಕೊಂಡು ದಿನಾ ಹೊಟ್ಟೆ ಉರಿಸ್ತಿದ್ದೆನಲ್ಲ ಅಪ್ಪಂದು!"

ಓಡಿಲ್ ಎದ್ದು ಹೋಗಿ ಬಾಗಿಲು ಹಾರುಹೊಡೆದಳು. "ಬನ್ನಿ, ಬನ್ನಿ, ಒಳಗ್ ಬನ್ನಿ," ಎಂದು ಖಾಲಿ ಅಂಗಳವನ್ನು ಕರೆದಳು. ಥಿಯೊಫೀಲ್ ಕಿರುಚುವುದನ್ನು ನಿಲ್ಲಿಸಿದ.

ಆಚೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಮಾರ್ತ್ ಓಡಿಲ್‌ಳ ಭುಜ ಒತ್ತಿ, "ತಪ್ಪು ತಿಳೀಬೇಡಿ, ಬಿಟ್ಟು ಹೋಗ್ಬಿಡ್ತಾರೆ," ಎಂದು ಓಡಿದಳು.

ಓಡಿಲ್ ಮಂಚದ ಪಕ್ಕ ಕೂತಳು. ಆಗ ಅಪ್ಪ ಅವಳ ಗಲ್ಲ ಹಿಡಿದ. ಲಕ್ವ ಹೊಡೆದಂದಿನಿಂದ ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ. ಮೆಲ್ಲಗೆ, ಬಹಳ ಹೊತ್ತು, ಏನೋ ಹೇಳಿದ. ಹೇಳುತ್ತ ಅತ್ತ. ಆಮೇಲೆ ಉತ್ತರಕ್ಕೆ ಕಾಯುತ್ತ ಅವಳ ಮುಖವನ್ನೇ ನೋಡಿದ.

"ಒಂದ್ನಿಮಿಷ ಅಪ್ಪಾ, ಒಂದೇ ನಿಮಿಷ!" ಓಡಿಲ್ ಬಾಗಿಲಿಗೆ ಓಡಿದಳು. ಬಸ್ಸು ಬಂಡೆಯ ತಿರುವು ದಾಟಿ ಹೋಗಿತ್ತು.

ಅಪ್ಪ ಇನ್ನೂ ಕಾಯುತ್ತಿದ್ದ. ಅವನ ಭಾಷೆಯಲ್ಲಿ ಅವಳ ಹತ್ತಿರ ಇದ್ದದ್ದು ಆ ಹಾಡೊಂದೇ. ಅದನ್ನು ಹಾಡಿದರೆ ಮತ್ತೆ ಯಾರೋ ಬಂದು ಚಳಿಯಲ್ಲಿ ನಿಂತುಬಿಡುತ್ತಾರೆ.