ಪೆಟ್ಟಿಗೆಯಿಂದ ಹೊರಬಂದ ಚೀಟಿ

ಪದಕೋಶ ಸಮಿತಿಯಲ್ಲಿ ಒಂದು ಕಟ್ಟುಪಾಡಿತ್ತು. ವಿಜ್ಞಾನದ ಒಂದೊಂದು ಪದಕ್ಕೂ ಒಂದೊಂದು ಚೀಟಿ. ಮೇಲೆ ಪದ, ಕೆಳಗೆ ಅದನ್ನು ಸೂಚಿಸಿದವರ ಸಹಿ. ಮೂರು ಸಲ ಓದಿ ಒಪ್ಪಿದ ಚೀಟಿ ತಗಡಿನ ಪೆಟ್ಟಿಗೆ ಸೇರಿತೆಂದರೆ ಮುಗಿಯಿತು, ಯಾರಪ್ಪ ಬಂದರೂ ಅಲ್ಲಾಡುವುದಿಲ್ಲ. ಸಹಿ ಹಾಕಿದವರು ಮಾತ್ರ ಹಿಂದಕ್ಕೆ ಪಡೆಯಬಹುದು. ಆದರೆ ಹಾಗೆ ಪಡೆದರೆ ಅವರ ಅಷ್ಟೂ ಚೀಟಿಗಳು ಮತ್ತೆ ಮೊದಲಿನಿಂದ ಓದಿಗೆ ಬರಬೇಕು. ಈ ಉಸಾಬರಿಗೆ ಈವರೆಗೆ ಯಾರೂ ಕೈಹಾಕಿರಲಿಲ್ಲ.

ಆ ಪೆಟ್ಟಿಗೆಯಲ್ಲಿ ಅಕ್ಕನ ಚೀಟಿಗಳು ನಲವತ್ತೊಂದು. ಅಕ್ಕ ಎಂದರೆ ಪ್ರಯೋಗಾಲಯದಲ್ಲಿ ಟೆಲೊಮಿಯರ್ ಅಳೆಯುವವಳು. ಸಮಿತಿಯವರೂ ಹಾಗೇ ಕರೆಯುತ್ತಿದ್ದರು. ಜೀವಕೋಶದೊಳಗಿನ ವರ್ಣತಂತುಗಳ ಎರಡೂ ತುದಿಗೆ ಒಂದು ರಕ್ಷೆ ಇರುತ್ತದೆ, ಬಟ್ಟೆಯ ಅಂಚು ಬಿಚ್ಚದಂತೆ ಮಡಚಿ ಹೊಲಿದ ಹಾಗೆ. ಅದೇ ಟೆಲೊಮಿಯರ್. ಅದು ತೀರಾ ಸವೆದರೆ ಕೆಲವರಿಗೆ ಶ್ವಾಸಕೋಶ ಕೆಡುವುದುಂಟು. ಎಂಟು ವರ್ಷದ ಹಿಂದೆ, ಹೊಸದಾಗಿ ಬಂದ ಹುರುಪಿನಲ್ಲಿ, ಅಕ್ಕ ಅದಕ್ಕೆ ‘ಆಯುಷ್ಯಪಟ್ಟಿ’ ಎಂದು ಹೆಸರಿಟ್ಟಿದ್ದಳು. ಎಲ್ಲರೂ ಭೇಷ್ ಎಂದಿದ್ದರು. ಅವಳೂ ಉಬ್ಬಿಹೋಗಿದ್ದಳು.

ಈಗ ಆ ಪದ ಮನೆಗೇ ಬಂದು ಕುಳಿತಿತ್ತು. ಬಸ್ ಕಂಡಕ್ಟರ್ ಆಗಿದ್ದ ತಂಗಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಕ್ಕನ ಪ್ರಯೋಗಾಲಯದಿಂದಲೇ ಅವಳ ರಕ್ತಪರೀಕ್ಷೆಯ ವರದಿ ಬಂತು: ‘ಆಯುಷ್ಯಪಟ್ಟಿ ತೀರಾ ಗಿಡ್ಡವಾಗಿದೆ.’ ಓದಿದ ತಂಗಿ ಟಿಕೆಟ್ ಚೀಲವನ್ನು ಗೂಟಕ್ಕೆ ನೇತುಹಾಕಿ ಮಲಗಿದವಳು ಎಂಟು ದಿನವಾದರೂ ಹಾಸಿಗೆ ಬಿಟ್ಟಿರಲಿಲ್ಲ.

“ಆಸ್ಪತ್ರೆಗೆ ಬಾರೇ. ಶ್ವಾಸಕೋಶಕ್ಕೆ ಔಷಧಿ ಇದೆ.”

“ನನ್ನ ಸ್ಟಾಪ್ ಬಂತು ಬಿಡಕ್ಕ. ಇಳೀತೀನಿ.”

“ಅದು ದಿನ ಎಣಿಸೋ ಪಟ್ಟಿ ಅಲ್ಲ ಕಣೇ!”

“ಅಚ್ಚಾಗಿದೆಯಲ್ಲ. ನೀನು ಸಮಾಧಾನಕ್ಕೆ ಹೇಳ್ತೀಯ, ಅಷ್ಟೆ.”

ಆ ಪದ ತನ್ನದೇ ಎಂದು ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ಅಷ್ಟು ನಾಚಿಕೆಯಾಗಿತ್ತು. ಶ್ವಾಸಕೋಶದ ವೈದ್ಯೆ ತಂಗಿಗೆ ಕೊಟ್ಟ ಸಮಯ ಗುರುವಾರ ನಾಲ್ಕು ಗಂಟೆ. ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು.

ಗುರುವಾರ ಬೆಳಿಗ್ಗೆ ಸಮಿತಿ ಸೇರಿತು. ಪರಿಷ್ಕೃತ ಪದಕೋಶ ಮರುದಿನವೇ ಅಚ್ಚಿಗೆ ಹೋಗುವುದಿತ್ತು.

“ಆಯುಷ್ಯಪಟ್ಟಿ ವಾಪಸ್ ತಗೋತೀನಿ,” ಎಂದಳು ಅಕ್ಕ.

ಅಧ್ಯಕ್ಷರು ಕನ್ನಡಕ ಏರಿಸಿದರು. “ಎಂಟು ವರ್ಷದಿಂದ ಓಡ್ತಿರೋ ಪದ ಅಮ್ಮ! ಜನರ ಬಾಯಲ್ಲಿ ಕೂತಿದೆ.”

“ಎದೆ ಮೇಲೂ ಕೂತಿದೆ ಸಾರ್. ಓದಿದವರು ಮಲಗಿಬಿಡ್ತಾರೆ.”

“ಭಾವುಕತೆಗೆ ಪದಕೋಶದಲ್ಲಿ ಜಾಗ ಇಲ್ಲ.”

“ಹಾಗಾದ್ರೆ ಇದಕ್ಕೂ ಇಲ್ಲ. ಗಿಡ್ಡ ಇದ್ರೆ ಜೋಪಾನ ಮಾಡಬೇಕು, ಅಷ್ಟೆ. ಇಷ್ಟೇ ದಿನ ಅಂತ ಹೇಳೋ ಯಂತ್ರ ನನ್ನ ಹತ್ರ ಇಲ್ಲ. ಅಳೆಯೋಳು ನಾನೇ ಅಲ್ವಾ?”

“ನಿಯಮ ಗೊತ್ತಲ್ಲ? ನಿಮ್ಮ ನಲವತ್ತೊಂದೂ ಹೊರಗೆ ಬರುತ್ತೆ. ಈ ಸಲದ ಪುಸ್ತಕದಲ್ಲಿ ನಿಮ್ಮ ಹೆಸರೇ ಇರಲ್ಲ. ಸುಮ್ನೆ ಕೂತ್ಕೊಳ್ಳಿ, ಮುಂದಿನ ಸಲ ನೋಡೋಣ.”

ಎಂಟು ವರ್ಷದ ಭಾನುವಾರಗಳೆಲ್ಲ ಆ ಪೆಟ್ಟಿಗೆಯಲ್ಲಿದ್ದವು. ಆದರೆ ‘ಮುಂದಿನ ಸಲ’ ಎಂಬ ಮಾತಿಗೆ ಅಕ್ಕನ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ತನ್ನ ಚೀಟಿಗಳ ಕಟ್ಟನ್ನು ಎಳೆದು ಮೇಜಿನ ಮೇಲೆ ಸುರಿದಳು.

“ಕೂರಲ್ಲ ಸಾರ್. ನಲವತ್ತೊಂದನ್ನೂ ಓದಿ. ಕೆಟ್ಟದ್ದಿದ್ರೆ ಎಸೀರಿ. ಇದನ್ನ ಮಾತ್ರ ನಾನೇ ಹೊಡೆದುಹಾಕ್ತೀನಿ.”

ಅಧ್ಯಕ್ಷರ ಕೈಯಲ್ಲಿದ್ದ ಕೆಂಪು ಪೆನ್ನನ್ನೇ ಕಿತ್ತುಕೊಂಡು ಗೆರೆ ಎಳೆದಳು. ಹೊಸ ಚೀಟಿಯಲ್ಲಿ ‘ತುದಿಗಾಪು’ ಎಂದು ಬರೆದು ಅವರ ಮುಂದಿಟ್ಟಳು.

“ಎಂಥಾ ಹಠಮಾರಿನಪ್ಪ!” ಎಂದರು ಅಧ್ಯಕ್ಷರು.

“ಹೌದು ಸಾರ್,” ಎಂದವಳು ಹಳೆಯ ಚೀಟಿ ಹಿಡಿದು ಹೊರಟೇಬಿಟ್ಟಳು.

ಮೂರು ಗಂಟೆಗೆ ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕ ಚೀಟಿಯನ್ನು ಅವಳ ಕಣ್ಣ ಮುಂದೆ ಹಿಡಿದಳು. ತಂಗಿ ಕೆಂಪು ಗೆರೆ ನೋಡಿದಳು, ಆಮೇಲೆ ಕೆಳಗಿನ ಸಹಿ.

“ಇದು ನಿನ್ನ ಸಹಿ.”

“ಹೂಂ. ಪದ ನನ್ನದೇ. ಕೇಳೋಕೆ ಚೆನ್ನಾಗಿದೆ ಅಂತ ಇಟ್ಟೆ. ತಪ್ಪು ಮಾಡಿದೆ.”

“ಎಂಟು ದಿನ ಬಚ್ಚಿಟ್ಟೆಯಾ?”

“ಬಚ್ಚಿಟ್ಟೆ.”

ತಂಗಿ ದಡಕ್ಕನೆ ಎದ್ದು ಕುಳಿತಳು. ಏದುಸಿರಿನ ನಡುವೆಯೇ ಮುಖ ಸಿಟ್ಟಿಗೆ ಕೆಂಪಾಗಿತ್ತು. “ನಿನ್ನ ಒಂದು ಪದಕ್ಕೆ ನಾನು ಎಂಟು ದಿನ ಸತ್ತು ಮಲಗಿದ್ದೆ ಕಣಕ್ಕ! ಇದಕ್ಕೆ ನಿನ್ನ ಜೊತೆ ಜನ್ಮಪೂರ್ತಿ ಜಗಳ ಆಡ್ತೀನಿ.”

“ಆಡು. ಜನ್ಮಪೂರ್ತಿ ಆಡು,” ಎಂದಳು ಅಕ್ಕ. ಅವಳ ಕಣ್ಣು ತುಂಬಿ ಬಂದಿತ್ತು.

ತಂಗಿ ಗೂಟದಿಂದ ಟಿಕೆಟ್ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

“ನಾಲ್ಕು ಗಂಟೆಗಲ್ವಾ? ನಡಿ. ಜಗಳ ಬಸ್ಸಿನಲ್ಲೇ ಶುರು.”